ಅಚ್ಚಿನ ಸೌರಕೋಶ: ತಿಂಥಣಿಯ ಬಿಸಿಲಿಗೂ ಮಲೆನಾಡಿನ ಮಳೆಗೂ ಒಡ್ಡಿ ನೋಡಲಿ

ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಉತ್ಪಾದಿಸುವ ಕೋಶಗಳನ್ನು ಮದುವೆಯ ಕರೆಯೋಲೆ ಅಚ್ಚು ಹಾಕಿದಂತೆ ತೆಳುವಾದ ಹಾಳೆಯ ಮೇಲೆ ಅಚ್ಚು ಹಾಕಬಹುದೆಂಬ ಸುದ್ದಿ ಕೆಲವು ವರ್ಷಗಳಿಂದ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದೆ. ಬೆಂಗಳೂರಿನ ಸಂಶೋಧನಾಲಯಗಳೂ ಹೊರದೇಶಗಳ ಸಂಸ್ಥೆಗಳೂ ಕೈಜೋಡಿಸಿ ಈ ಕೆಲಸದಲ್ಲಿ ತೊಡಗಿದ್ದುಂಟು. ಪಂಪಿಗೆ, ಕಣದ ದೀಪಕ್ಕೆ, ಬೇಲಿಗೆ ವಿದ್ಯುತ್ತನ್ನು ಕಾದು ಕುಳಿತಿರುವ ಸಣ್ಣ ಬೆಳೆಗಾರನ ಕಿವಿ ಇಂಥ ಸುದ್ದಿಗೆ ನೆಟ್ಟಗಾಗುವುದು ಸಹಜ. ಈ ಹೊಸ ಹಾಳೆ ಪೇಟೆಗೆ ಬರುವವರೆಗೆ ಈಗಿನ ಸೌರ ಪಂಪು ಹಾಕಿಸುವುದನ್ನು ತಡೆಹಿಡಿಯೋಣವೇ ಎಂದು ಸದಸ್ಯ ಬಾಂಧವರಲ್ಲಿ ಕೆಲವರು ಕೇಳುತ್ತಿದ್ದಾರೆ. ಆದುದರಿಂದ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಬಿಚ್ಚಿ ಹೇಳುವುದು ಅಗತ್ಯವೆಂದು ತಿಳಿದಿದ್ದೇವೆ.

ಮೊದಲೇ ಹೇಳಿಬಿಡುತ್ತೇವೆ. ಈ ಸಂಶೋಧನೆ ಬೇಕು. ಅದಕ್ಕೆ ಸರ್ಕಾರ ಹಣ ಕೊಡುವುದೂ ಸರಿಯೆ. ಆದರೆ ಪ್ರಯೋಗಾಲಯಗಳೂ ಕಾರ್ಖಾನೆಗಳೂ ಇದರಲ್ಲಿ ಪಾಲುದಾರರಾಗಿರುವಂತೆ, ಕೊನೆಗೆ ಹಣ ತೆತ್ತು ಇದನ್ನು ಕೊಳ್ಳಬೇಕಾದ ಬೆಳೆಗಾರನೂ ಪಾಲುದಾರನಾಗಬೇಕು. ಹಾಳೆಯನ್ನು ನಮಗೆ ಮಾರುವ ಮುಂಚೆ ನಮ್ಮ ನೆಲದಲ್ಲಿ, ನಮ್ಮ ಹವೆಯಲ್ಲಿ ವರ್ಷಗಟ್ಟಲೆ ಒಡ್ಡಿ ನೋಡಬೇಕು. ಅದಕ್ಕೆ ಕನಿಷ್ಠ ಎರಡು ಪರೀಕ್ಷಾ ಸ್ಥಳಗಳು ಬೇಕು: ಒಂದು ಮಲೆನಾಡಿನ ತೋಟ, ಇನ್ನೊಂದು ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ತಿಂಥಣಿ.

ತಿಂಥಣಿ ಏಕೆ?

ಕೃಷ್ಣಾ ನದಿಯ ದಂಡೆಯ ತಿಂಥಣಿಗೂ ಕಾಫಿ ಅಡಿಕೆ ತೋಟಗಳಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ತಿಂಥಣಿ ಮೌನೇಶ್ವರರ ಕ್ಷೇತ್ರ. ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ನಡೆದುಕೊಳ್ಳುವ ಸ್ಥಳ. ಅಲ್ಲಿ ಕಾಫಿಯೂ ಇಲ್ಲ, ಅಡಿಕೆಯೂ ಇಲ್ಲ. ಅಲ್ಲಿರುವುದು ಎರೆಭೂಮಿ, ಹತ್ತಿ, ತೊಗರಿ. ನಾರಾಯಣಪುರದ ಕಾಲುವೆ ನೀರು ಹರಿದ ಕಡೆ ಭತ್ತ. ಅಲ್ಲಿನ ರೈತನಿಗೂ ನಮಗೂ ಬೆಳೆಯಲ್ಲಿ ಹೋಲಿಕೆಯಿಲ್ಲವಾದರೂ ಪಾಡಿನಲ್ಲಿ ಹೋಲಿಕೆಯುಂಟು. ನೀರು ತಗ್ಗಿನಲ್ಲಿ, ಹೊಲ ಎತ್ತರದಲ್ಲಿ. ಎತ್ತಬೇಕಾದರೆ ಪಂಪು ಬೇಕು. ಪಂಪಿಗೆ ಬೇಕಾದ ತ್ರೀಫೇಸ್ ವಿದ್ಯುತ್ತು ದಿನಕ್ಕೆ ಕೆಲವೇ ತಾಸು, ಅದೂ ಎಷ್ಟೋ ಸಲ ರಾತ್ರಿ ಹೊತ್ತಿನಲ್ಲಿ. ನಮ್ಮಲ್ಲಿ ಹಳ್ಳದಿಂದ ತೋಟಕ್ಕೆ ನೀರೆತ್ತುವವನ ಕಥೆಯೂ ಇದೇ ಅಲ್ಲವೆ?

ಹವೆಯಲ್ಲಿ ಮಾತ್ರ ಈ ಎರಡು ನಾಡುಗಳು ಎರಡು ತುದಿಗಳು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಸುರಪುರದ ಸೀಮೆಯಲ್ಲಿ ಬೀಳುವುದು ಅದರ ಹತ್ತನೆಯ ಒಂದು ಪಾಲಿನ ಆಸುಪಾಸು. ನಮ್ಮಲ್ಲಿ ಜೂನ್ ಜುಲೈ ತಿಂಗಳಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದು. ಅಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ನಮ್ಮಲ್ಲಿ ಪಾಚಿ, ಅಲ್ಲಿ ಧೂಳು. ಸಂಶೋಧನಾಲಯಗಳಿರುವ ಬೆಂಗಳೂರಾದರೋ ಈ ಎರಡರ ನಡುವೆ ಹಿತವಾದ ಹವೆಯಲ್ಲಿದೆ. ಬೆಂಗಳೂರಿನ ಮಾಳಿಗೆಯ ಮೇಲೆ ಚೆನ್ನಾಗಿ ಬಾಳಿದ ವಸ್ತು ತಿಂಥಣಿಯಲ್ಲಾಗಲಿ, ತೀರ್ಥಹಳ್ಳಿಯಲ್ಲಾಗಲಿ ಬಾಳೀತೆಂದು ಹೇಳಲಾಗದು. ಈ ಎರಡು ತುದಿಗಳನ್ನೂ ತಾಳಿಕೊಂಡರೆ ನಡುವಿನ ಕರ್ನಾಟಕವನ್ನೆಲ್ಲ ತಾಳಿಕೊಂಡೀತು. ಇದೇ ನಮ್ಮ ವಾದದ ತಿರುಳು.

ಅಚ್ಚು ಹಾಕುವುದೆಂದರೇನು?

ಈಗ ಎಲ್ಲೆಡೆ ಕಾಣುವ ನೀಲಿ ಕಪ್ಪು ಫಲಕಗಳು ಸಿಲಿಕಾನಿನವು. ಸಿಲಿಕಾನನ್ನು ಬಹಳ ಶುದ್ಧ ಮಾಡಿ, 1,400 ಡಿಗ್ರಿಗೂ ಮೇಲೆ ಕಾಯಿಸಿ ಕರಗಿಸಿ, ಗಟ್ಟಿಯಾಗಿಸಿ, ತೆಳು ಬಿಲ್ಲೆಗಳಾಗಿ ಕೊಯ್ದು, ಗಾಜಿನಡಿ ಇಟ್ಟು ಅಲ್ಯೂಮಿನಿಯಮ್ ಚೌಕಟ್ಟು ಕಟ್ಟಬೇಕು. ಆ ಬಿಲ್ಲೆಗಳ ಮೇಲೆ ಕಾಣುವ ಸಣ್ಣ ಬೆಳ್ಳಿಯ ಗೆರೆಗಳನ್ನು ಈಗಲೂ ಅಚ್ಚು ಹಾಕಿಯೇ ಮೂಡಿಸುತ್ತಾರೆಂಬುದು ಹಲವರಿಗೆ ತಿಳಿಯದು. ಹೊಸ ವಿಧಾನದಲ್ಲಿ ಗೆರೆ ಮಾತ್ರವಲ್ಲ, ಬೆಳಕನ್ನು ಹಿಡಿಯುವ ಪದರವನ್ನೇ ಶಾಯಿಯಾಗಿ ಮಾಡಿಕೊಂಡು, ಪ್ಲಾಸ್ಟಿಕ್ ಹಾಳೆಯ ಅಥವಾ ಬಾಗುವ ಗಾಜಿನ ಮೇಲೆ ಒಂದರ ಮೇಲೊಂದು ಪದರವಾಗಿ ಬಳಿದು, ಸಾಧಾರಣ ಶಾಖದಲ್ಲಿ ಒಣಗಿಸುತ್ತಾರೆ. ಸುರುಳಿ ಒಂದು ಕಡೆ ಬಿಚ್ಚಿಕೊಳ್ಳುತ್ತ ಇನ್ನೊಂದು ಕಡೆ ಸುತ್ತಿಕೊಳ್ಳುತ್ತ ಹೋಗುತ್ತದೆ. ದಿನಪತ್ರಿಕೆಯ ಮುದ್ರಣ ಯಂತ್ರವನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು.

ಈ ಶಾಯಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಇಂಗಾಲದ ಸಂಯುಕ್ತಗಳಿಂದ ಮಾಡಿದ್ದು. ಇದಕ್ಕೆ ವಿಜ್ಞಾನಿಗಳು ಸಾವಯವ ಸೌರಕೋಶ ಎನ್ನುತ್ತಾರೆ. ನಮ್ಮ ಸಾವಯವ ಕೃಷಿಗೂ ಇದಕ್ಕೂ ಹೆಸರಿನಲ್ಲಿ ಬಿಟ್ಟರೆ ನಂಟಿಲ್ಲ. ಇನ್ನೊಂದು, ಪೆರೊವ್‌ಸ್ಕೈಟ್ ಎಂಬ ಹರಳಿನ ರಚನೆಯುಳ್ಳದ್ದು. 2009ರಲ್ಲಿ ಜಪಾನಿನ ಮಿಯಾಸಾಕಾ ಮತ್ತು ಅವರ ಸಂಗಡಿಗರು ಇದರಿಂದ ಮೊದಲ ಕೋಶ ಮಾಡಿದಾಗ, ಬಿದ್ದ ಬೆಳಕಿನಲ್ಲಿ ಶೇಕಡಾ 3.8ರಷ್ಟು ಮಾತ್ರ ವಿದ್ಯುತ್ತಾಯಿತು. ಈಗ ಪ್ರಯೋಗಾಲಯದ ಸಣ್ಣ ಕೋಶದಲ್ಲಿ ಅದು ಶೇಕಡಾ 26ನ್ನು ದಾಟಿದೆ. ಸಿಲಿಕಾನಿಗೆ ದಶಕಗಳೇ ಹಿಡಿದ ಹಾದಿಯನ್ನು ಇದು ಹದಿನೈದು ವರ್ಷಗಳಲ್ಲಿ ನಡೆದಿದೆ. ವಿಜ್ಞಾನಿಗಳ ಉತ್ಸಾಹಕ್ಕೆ ಕಾರಣವಿಲ್ಲದಿಲ್ಲ.

ಆದರೆ ಉಗುರಗಲದ ಕೋಶದ ಲೆಕ್ಕ ಬೇರೆ, ಮಾಡಿನ ಅಗಲದ ಹಾಳೆಯ ಲೆಕ್ಕ ಬೇರೆ. 2024ರಲ್ಲಿ ಆಸ್ಟ್ರೇಲಿಯದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಓ ಮತ್ತು ಅದರ ಸಹಯೋಗಿಗಳು ಪೂರ್ತಿಯಾಗಿ ಸುರುಳಿಯ ಮೇಲೆ ಅಚ್ಚು ಹಾಕಿದ ಪೆರೊವ್‌ಸ್ಕೈಟ್ ಕೋಶಗಳ ವಿವರ ಪ್ರಕಟಿಸಿದರು. ಸಣ್ಣ ಕೋಶದಲ್ಲಿ ಶೇಕಡಾ 15.5, 50 ಚದರ ಸೆಂಟಿಮೀಟರಿನ ಫಲಕದಲ್ಲಿ ಶೇಕಡಾ 11. ಅಂಗೈಯಗಲಕ್ಕೂ ಕಡಿಮೆಯಿರುವ ತುಣುಕಿಗೆ ಬರುವಷ್ಟರಲ್ಲಿ ಇಷ್ಟು ಇಳಿಯಿತು. ಗುಣಿಸಿ ನೋಡುವವರು ಇದನ್ನು ನೆನಪಿಡಬೇಕು.

ಯಾರು ಯಾರೊಡನೆ?

ಇದು ಒಬ್ಬರಿಂದ ಆಗುವ ಕೆಲಸವಲ್ಲ. ಶಾಯಿ ಮಾಡುವವನು ರಸಾಯನ ಬಲ್ಲವನು. ಬಳಿಯುವವನು ಯಂತ್ರ ಬಲ್ಲವನು. ಅಳೆಯುವವನು ಭೌತಶಾಸ್ತ್ರ ಬಲ್ಲವನು. ಹಾಳೆ ಕೊಡುವವನು ಕಾರ್ಖಾನೆಯವನು. ಆದ್ದರಿಂದ ಎಲ್ಲ ಕಡೆಯೂ ಇದು ಕೂಟವಾಗಿಯೇ ನಡೆದಿದೆ.

ನಮ್ಮ ರಾಜ್ಯದಲ್ಲಿ ಇದರ ದೊಡ್ಡ ಉದಾಹರಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಆ ಸಂಸ್ಥೆಯೂ ಅಮೆರಿಕದ ರಾಷ್ಟ್ರೀಯ ನವೀಕರಣೀಯ ಶಕ್ತಿ ಪ್ರಯೋಗಾಲಯವೂ ಮುಂದಾಳುಗಳಾಗಿ 2012ರಲ್ಲಿ 'ಸೀರಿಯಸ್' ಎಂಬ ಭಾರತ ಅಮೆರಿಕ ಸೌರಶಕ್ತಿ ಸಂಶೋಧನಾ ಕೂಟವನ್ನು ಐದು ವರ್ಷಗಳ ಅವಧಿಗೆ ಕಟ್ಟಿದವು. ಹಣ ಎರಡೂ ಸರ್ಕಾರಗಳದು, ಜೊತೆಗೆ ಕಾರ್ಖಾನೆಗಳದು. ಐಐಟಿಗಳೂ, ಬೆಂಗಳೂರಿನಲ್ಲೇ ಇರುವ ಸಿಸ್ಟೆಪ್ ಎಂಬ ನೀತಿ ಅಧ್ಯಯನ ಕೇಂದ್ರವೂ, ಬಾಗುವ ಗಾಜು ಮಾಡುವ ಕಾರ್ನಿಂಗ್ ಕಂಪನಿಯೂ ಅದರಲ್ಲಿದ್ದವು. ಸೂರ್ಯನ ಶಾಖದಿಂದ ಯಂತ್ರ ನಡೆಸುವ ಕೆಲಸದ ಜೊತೆಗೆ, ಅಗ್ಗದ ಶಾಯಿಗಳಿಂದ ಕೋಶ ಮಾಡುವುದೂ, ಬಾಗುವ ಗಾಜಿನ ಸುರುಳಿಯ ಮೇಲೆ ಪದರ ಹಾಕುವುದೂ ಅದರ ಕಾರ್ಯಕ್ರಮದಲ್ಲಿದ್ದವು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊಫೆಸರ್ ಕೆ. ಎಸ್. ನಾರಾಯಣ್ ಅವರ ಪ್ರಯೋಗಾಲಯ ಸಾವಯವ ಕೋಶಗಳ ಮೇಲೆ ಬಹುಕಾಲ ಕೆಲಸ ಮಾಡಿದೆ.

ಹೊರಗೆ ನೋಡಿದರೆ, ಬ್ರಿಟನ್ನಿನ ಸ್ವಾನ್ಸೀ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ 'ಸನ್‌ರೈಸ್' ಎಂಬ ಕೂಟ ಭಾರತದ ಹಲವು ಸಂಸ್ಥೆಗಳನ್ನು ಸೇರಿಸಿಕೊಂಡು ಅಚ್ಚಿನ ಕೋಶಗಳ ಮೇಲೆ ಕೆಲಸ ಮಾಡಿತು. ಮಹಾರಾಷ್ಟ್ರದ ಹಳ್ಳಿಯೊಂದರಲ್ಲಿ ಸೌರವಿದ್ಯುತ್ತಿನಿಂದ ನಡೆಯುವ ಕಟ್ಟಡವನ್ನೂ ಅದು ಕಟ್ಟಿಸಿತು. ಹಳ್ಳಿಯ ತನಕ ಬಂದರಲ್ಲ, ಅದು ಮೆಚ್ಚಬೇಕಾದ ಸಂಗತಿ. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ಕೂಟದಲ್ಲಿ ವಿಶ್ವವಿದ್ಯಾಲಯಗಳ ಜೊತೆಗೆ ಉಕ್ಕಿನ ತಗಡು ಮಾಡುವ ಕಂಪನಿಯೂ, ಪ್ಲಾಸ್ಟಿಕ್ ನೋಟುಗಳ ಹಾಳೆ ಮಾಡುವ ಕಂಪನಿಯೂ ಇದ್ದವು. 2013ರಲ್ಲಿ ಅವರು ನಮ್ಮ ಈ ಪತ್ರಿಕೆಯ ಎರಡು ಪುಟ ಬಿಚ್ಚಿಟ್ಟಷ್ಟು ಅಗಲದ, ಅಂದರೆ ಎ-3 ಅಳತೆಯ, ಕೋಶವನ್ನು ಅಚ್ಚು ಹಾಕಿ ತೋರಿಸಿದರು.

ಈ ಪಟ್ಟಿಯನ್ನು ಓದುವಾಗ ಒಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ತಗಡಿನವನು ಇದ್ದಾನೆ, ಗಾಜಿನವನು ಇದ್ದಾನೆ, ನೋಟಿನ ಹಾಳೆಯವನೂ ಇದ್ದಾನೆ. ರೈತರ ಸಹಕಾರ ಸಂಘ ಮಾತ್ರ ನಾವು ಹೆಸರಿಸಿದ ಈ ಪಾಲುದಾರರ ಸಾಲಿನಲ್ಲಿ ಕಾಣುವುದಿಲ್ಲ. ಹಳ್ಳಿ ಅಲ್ಲಿ ಬರುವುದು ಉಪಕಾರ ಪಡೆಯುವ ಸ್ಥಳವಾಗಿ. ಪ್ರಶ್ನೆ ಕೇಳುವ ಸ್ಥಳವಾಗಿ ಅಲ್ಲ.

ನಮಗೇನು ಪ್ರಯೋಜನ?

ಹಾಗಾದರೆ ಇದರಿಂದ ತೋಟದವನಿಗೆ ಏನೂ ಲಾಭವಿಲ್ಲವೆ? ಇದೆ. ಅದನ್ನು ಸರಿಯಾಗಿ ತೂಗಿ ನೋಡೋಣ.

ಬಯಲುಸೀಮೆಯವನಿಗೆ ಫಲಕ ಹಾಕಲು ನೆಲವುಂಟು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಗೇಣಿಗೆ ಪಡೆದು 2,050 ಮೆಗಾವ್ಯಾಟಿನ ಸೌರ ಪಾರ್ಕು ಕಟ್ಟಿದ್ದಾರೆ. ನಮ್ಮಲ್ಲಿ ಅಂಥ ಬಯಲೆಲ್ಲಿದೆ? ಕಾಫಿ ಇರುವುದು ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳಿನಲ್ಲಿ. ಅಡಿಕೆ ತೋಟದ ಕೆಳಗೆ ಬೀಳುವ ಬಿಸಿಲು ಚೂರುಚೂರು. ಕಣದ ಮೇಲೆ ಫಲಕ ಹಾಕಿದರೆ ಕಾಫಿ ಒಣಗಿಸುವುದು ಎಲ್ಲಿ, ಚಾಲಿ ಅಡಿಕೆ ಹರಡುವುದು ಎಲ್ಲಿ? ಉಳಿದದ್ದು ಮಾಡು ಒಂದೇ. ಅದೋ, ಹಳೆಯ ಹೆಂಚಿನ ಮನೆ, ಜಿಂಕ್‌ಶೀಟಿನ ಕೊಟ್ಟಿಗೆ, ಕೂಲಿಕಾರರ ಲೈನು. ಸಿಲಿಕಾನ್ ಫಲಕ ಚದರ ಮೀಟರಿಗೆ ಹತ್ತು ಹನ್ನೊಂದು ಕಿಲೋ ತೂಗುತ್ತದೆ. ಅದರ ಮೇಲೆ ಕಬ್ಬಿಣದ ಚೌಕಟ್ಟಿನ ಭಾರ, ಆಷಾಢದ ಗಾಳಿಯ ಎಳೆತ. ಗೆದ್ದಲು ತಿಂದ ಜಂತಿ ಇದನ್ನು ಹೊರಲಾರದು. ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹಾಕಿದ ಕೋಶ ಇದರ ಹತ್ತನೆಯ ಒಂದು ಪಾಲಿನಷ್ಟೂ ತೂಗದು. ತಗಡಿನ ಮೇಲೆ ಅಂಟಿಸಿದರಾಯಿತು. ಇದು ನಮ್ಮ ಪಾಲಿಗೆ ನಿಜವಾದ ಗುಣ. ಇನ್ನೊಂದು ಗುಣವೆಂದರೆ, ಮೋಡ ಕವಿದ ಮಂದ ಬೆಳಕಿನಲ್ಲಿ ಈ ಕೋಶಗಳು ತಮ್ಮ ಶಕ್ತಿಯನ್ನು ಸಿಲಿಕಾನಿಗಿಂತ ಮೇಲಾಗಿ ಉಳಿಸಿಕೊಳ್ಳುತ್ತವೆ.

ಈಗ ಕೊರತೆಯ ಲೆಕ್ಕ. ನಡುಹಗಲ ಬಿಸಿಲಿನಲ್ಲಿ ಒಂದು ಚದರ ಮೀಟರಿನ ಮೇಲೆ ಬೀಳುವ ಶಕ್ತಿ ಸುಮಾರು 1,000 ವಾಟ್. ಶೇಕಡಾ 20ರ ಸಿಲಿಕಾನ್ ಫಲಕ ಅದರಲ್ಲಿ 200 ವಾಟ್ ಕೊಡುತ್ತದೆ. ಶೇಕಡಾ 11ರ ಅಚ್ಚಿನ ಹಾಳೆ 110 ವಾಟ್. ಮೂರು ಅಶ್ವಶಕ್ತಿಯ ಸೌರ ಪಂಪಿಗೆ ಸುಮಾರು 3,000 ವಾಟಿನ ಫಲಕಗಳನ್ನು ಹಾಕುತ್ತಾರೆ. ಸಿಲಿಕಾನಾದರೆ 15 ಚದರ ಮೀಟರು ಸಾಕು; ಹಾಳೆಯಾದರೆ 27 ಚದರ ಮೀಟರು ಬೇಕು. ಇಷ್ಟು ಬಿಸಿಲು ಬೀಳುವ ಮಾಡು ಸಣ್ಣ ಬೆಳೆಗಾರನಿಗೆ ಇರಬಹುದು, ಇಲ್ಲದಿರಬಹುದು. ಆದುದರಿಂದ ಈ ಹಾಳೆ ಮೊದಲು ಒದಗುವುದು ಪಂಪಿಗಲ್ಲ. ಆನೆ ಬೇಲಿಯ ಯಂತ್ರಕ್ಕೆ, ಕಣದ ಕಾವಲಿನ ದೀಪಕ್ಕೆ, ಒಣಗುಮನೆಯ ಫ್ಯಾನಿಗೆ, ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರಿಗೆ ಎಂದು ನಮ್ಮ ಅಂದಾಜು. ಅಡಿಕೆ ಬೇಯಿಸುವುದಕ್ಕೋ ಕಾಫಿ ಒಣಗಿಸುವುದಕ್ಕೋ ಬೇಕಾದ ಶಾಖವನ್ನು ಇದರ ವಿದ್ಯುತ್ತಿನಿಂದ ಪಡೆಯುವ ಮಾತು ಯಾರಾದರೂ ಆಡಿದರೆ ನಂಬಬೇಡಿ. ಬಿಸಿಲಿನ ಶಾಖವನ್ನು ನೇರವಾಗಿ ಬಳಸುವುದು ಅದಕ್ಕಿಂತ ಎಷ್ಟೋ ಅಗ್ಗ.

ತಿಂಥಣಿಯ ರೈತನ ಲೆಕ್ಕವೇ ಬೇರೆ. ಅವನಿಗೆ ನೆಲದ ಕೊರತೆಯಿಲ್ಲ, ಬೆಳಕಿನ ಕೊರತೆಯೂ ಇಲ್ಲ. ಅವನ ವೈರಿ ಕಾವು. ಸಿಲಿಕಾನ್ ಫಲಕ 25 ಡಿಗ್ರಿಯ ಮೇಲೆ ಕಾಯುವ ಪ್ರತಿ ಡಿಗ್ರಿಗೂ ಶೇಕಡಾ 0.3ರಿಂದ 0.4ರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಫಲಕದ ಮೈ 65 ಡಿಗ್ರಿಗೆ ಏರಿತೆಂದರೆ ಶೇಕಡಾ 12ರಿಂದ 16ರಷ್ಟು ನಷ್ಟ. ಈ ವಿಷಯದಲ್ಲಿ ಹೊಸ ಕೋಶಗಳು ಮೇಲು ಎನ್ನುತ್ತಾರೆ. ಆದರೆ ಕಾವಿನಲ್ಲಿ ಅವು ಆ ಗಳಿಗೆಗೆ ಕಳೆದುಕೊಳ್ಳುವುದು ಕಡಿಮೆಯಾದರೂ, ವರ್ಷಗಳ ಕಾವಿಗೆ ಪದರವೇ ಹಾಳಾಗುವ ಅಪಾಯ ಹೆಚ್ಚು. ಇದಕ್ಕೆ ಉತ್ತರ ತಿಂಥಣಿಯ ಬಿಸಿಲಿನಲ್ಲಿಟ್ಟು ನೋಡಿದರೆ ಮಾತ್ರ ಸಿಕ್ಕೀತು.

ಸಾವಿರ ತಾಸಿನ ಪರೀಕ್ಷೆ ಸಾಕೆ?

ಈ ಕೋಶಗಳ ಶತ್ರುಗಳು ಮೂರು: ತೇವ, ಕಾವು, ಆಮ್ಲಜನಕ ಸೇರಿದ ಪ್ರಖರ ಬೆಳಕು. ಪೆರೊವ್‌ಸ್ಕೈಟ್ ಪದರಕ್ಕೆ ನೀರಿನ ಪಸೆ ತಗಲಿದರೆ ಅದು ಕರಗಿ ಬಣ್ಣಗೆಡುತ್ತದೆ. ಆದ್ದರಿಂದ ಇದರ ಆಯುಸ್ಸು ನಿಂತಿರುವುದು ಮೇಲೆ ಹೊದಿಸುವ ಮುಚ್ಚಳದ ಮೇಲೆ, ಅಂಚಿನ ಅಂಟಿನ ಮೇಲೆ. ಅಂಟು ಬಿಟ್ಟರೆ ಕೋಶ ಕೆಟ್ಟಿತು.

ಫಲಕಗಳಿಗೆ ಲೋಕವೆಲ್ಲ ಒಪ್ಪಿದ ಪರೀಕ್ಷೆಯೊಂದಿದೆ. 85 ಡಿಗ್ರಿ ಕಾವು, ಶೇಕಡಾ 85ರ ತೇವವಿರುವ ಪೆಟ್ಟಿಗೆಯಲ್ಲಿ 1,000 ತಾಸು ಇಡುವುದು. ಅಂದರೆ ಸುಮಾರು 42 ದಿನ. ಕಾವು ಹೆಚ್ಚಿದ್ದರಿಂದ ಕೆಡುವ ಕ್ರಿಯೆ ವೇಗವಾಗಿ ನಡೆಯುತ್ತದೆ. ಹೀಗಾಗಿ 42 ದಿನದ ಪರೀಕ್ಷೆಯಿಂದ ಹಲವು ವರ್ಷಗಳ ಸೂಚನೆ ಸಿಗುತ್ತದೆಂಬುದು ಅದರ ತರ್ಕ. ಸಿಲಿಕಾನಿನ ವಿಷಯದಲ್ಲಿ ಈ ತರ್ಕಕ್ಕೆ ದಶಕಗಳ ಅನುಭವದ ಬೆಂಬಲವಿದೆ. ಅದಕ್ಕೇ ಕಂಪನಿಗಳು 25 ವರ್ಷದ ಖಾತರಿ ಕೊಡುತ್ತವೆ. ಹೊಸ ಹಾಳೆಗೆ ಆ ಅನುಭವ ಇನ್ನೂ ಬಂದಿಲ್ಲ.

ನಮ್ಮ ಮುಂಗಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನ. ಅದೂ ಪ್ರತಿ ವರ್ಷ. ಪೆಟ್ಟಿಗೆಯಲ್ಲಿ ಪಾಚಿ ಬೆಳೆಯುವುದಿಲ್ಲ, ಎಲೆ ಕೊಳೆತು ಅಂಟುವುದಿಲ್ಲ, ಅಡಿಕೆ ಸೋಗೆ ಮೇಲಿನಿಂದ ಬೀಳುವುದಿಲ್ಲ, ಮಂಗಗಳು ಕುಣಿಯುವುದಿಲ್ಲ, ಇಲಿ ಅಂಚು ಕಡಿಯುವುದಿಲ್ಲ. ತಿಂಥಣಿಯ ಕಡೆ ಹೊಲದ ಧೂಳು ಕೂತು, ಅದನ್ನು ಒರಟು ಬಟ್ಟೆಯಿಂದ ಒರಸಿ ಒರಸಿ ಪ್ಲಾಸ್ಟಿಕ್ಕಿನ ಮೈ ಗೀರುವುದೂ ಪೆಟ್ಟಿಗೆಯಲ್ಲಿ ನಡೆಯುವುದಿಲ್ಲ. ವಿಜ್ಞಾನಿಗಳನ್ನು ಹಳಿಯುವುದಕ್ಕೆ ಈ ಮಾತಲ್ಲ. ಪೆಟ್ಟಿಗೆಯ ಪರೀಕ್ಷೆ ಬೇಕೇ ಬೇಕು. ಆದರೆ ಅದು ಮೊದಲ ಮೆಟ್ಟಿಲು.

ಸೀಸದ ಮಾತು

ಇನ್ನೊಂದು ವಿಷಯವನ್ನು ನಾವು ಒತ್ತಿ ಹೇಳಬೇಕಾಗಿದೆ. ಈಗ ಚೆನ್ನಾಗಿ ಕೆಲಸ ಮಾಡುವ ಪೆರೊವ್‌ಸ್ಕೈಟ್ ಕೋಶಗಳಲ್ಲಿ ಸೀಸವಿದೆ. ಪ್ರಮಾಣ ಬಹಳ ಕಡಿಮೆ, ಚದರ ಮೀಟರಿಗೆ ಒಂದು ಗ್ರಾಮಿನ ಆಸುಪಾಸು. ನಮ್ಮ ಮನೆಯ ಇನ್ವರ್ಟರ್ ಬ್ಯಾಟರಿಯಲ್ಲಿ ಕಿಲೋಗಟ್ಟಲೆ ಸೀಸವಿದೆಯೆಂದು ಅದರ ಪರ ವಾದಿಸುವವರು ಹೇಳುತ್ತಾರೆ. ಆ ಮಾತು ನಿಜ. ಆದರೆ ಬ್ಯಾಟರಿಯ ಸೀಸ ಗಟ್ಟಿ ಡಬ್ಬಿಯೊಳಗಿದೆ; ಹಳೆಯದನ್ನು ಗುಜರಿಯವನು ಹಣ ಕೊಟ್ಟು ಒಯ್ಯುತ್ತಾನೆ. ಹಾಳೆಯ ಸೀಸ ನೀರಿನಲ್ಲಿ ಕರಗುವ ರೂಪದಲ್ಲಿದೆ. ಹರಿದ ಹಾಳೆಯನ್ನು ಗುಜರಿಯವನು ಮುಟ್ಟುವುದಿಲ್ಲ. ಮಲೆನಾಡಿನ ಮಾಡಿನ ನೀರು ಬೀಳುವುದು ಅಂಗಳಕ್ಕೆ, ಅಲ್ಲಿಂದ ಬಾವಿಗೆ, ಹಳ್ಳಕ್ಕೆ, ಹಳ್ಳದಿಂದ ತುಂಗೆಗೋ ಹೇಮಾವತಿಗೋ. ತುಂಗೆ ಭದ್ರೆಯನ್ನು ಕೂಡಿ ತುಂಗಭದ್ರೆಯಾಗಿ ಕೊನೆಗೆ ಸೇರುವುದು ತಿಂಥಣಿಯ ಮುಂದೆ ಹರಿದುಹೋದ ಅದೇ ಕೃಷ್ಣೆಯನ್ನು. ಮೇಲಿನವರು ಚೆಲ್ಲಿದ್ದನ್ನು ಕೆಳಗಿನವರು ಕುಡಿಯಬೇಕಾಗುತ್ತದೆ. ಹಳೆಯ ಹಾಳೆಯನ್ನು ಮಾರಿದವನೇ ವಾಪಸು ಒಯ್ಯಬೇಕೆಂಬ ಕಟ್ಟು ಮೊದಲ ದಿನದಿಂದಲೇ ಇರಬೇಕು. ಸಾವಯವ ಶಾಯಿಯ ಕೋಶಗಳಲ್ಲಿ ಈ ತೊಂದರೆ ಇಲ್ಲದಿರುವುದರಿಂದ, ಶಕ್ತಿ ಸ್ವಲ್ಪ ಕಡಿಮೆಯಾದರೂ ತೋಟಕ್ಕೆ ಅವೇ ಲೇಸೆಂದು ನಮಗೆ ತೋರುತ್ತದೆ.

ನಮ್ಮದೇ ಎರಡು ಪಾಠಗಳು

ಹೊರದೇಶದ ಜ್ಞಾನ ನಮ್ಮ ತೋಟಕ್ಕೆ ಬಂದದ್ದು ಇದೇ ಮೊದಲಲ್ಲ. ನೂರು ವರ್ಷಗಳ ಹಿಂದಿನ ಒಂದು ಪಾಠ, ನಲವತ್ತು ವರ್ಷಗಳ ಹಿಂದಿನ ಇನ್ನೊಂದು ಪಾಠ, ಎರಡೂ ನಮ್ಮ ಮುಂದಿವೆ.

1908ರಲ್ಲಿ ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಆಗ ಮಲೆನಾಡಿನ ಅಡಿಕೆಯನ್ನು ಕೊಳೆರೋಗ ತಿಂದುಹಾಕುತ್ತಿತ್ತು. ಗೊನೆಗೆ ಕೊಟ್ಟೆ ಕಟ್ಟುವುದೊಂದೇ ಬೆಳೆಗಾರರಿಗೆ ತಿಳಿದಿದ್ದ ಉಪಾಯ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದಿದ್ದ ಮೈಲುತುತ್ತ ಸುಣ್ಣದ ದ್ರಾವಣವನ್ನು ಕೋಲ್ಮನ್ ಅಡಿಕೆಗೆ ಹೊಡೆಸಿ ನೋಡಿದರು. ದ್ರಾಕ್ಷಿ ಎಲ್ಲಿ, ಅಡಿಕೆ ಎಲ್ಲಿ! ಆದರೂ ಅದು ನಿಂತಿತು. ಏಕೆಂದರೆ ರೋಗವನ್ನು ತೋಟದಲ್ಲೇ ಅಭ್ಯಾಸ ಮಾಡಿ, ಮಳೆಯಲ್ಲೇ ಹೊಡೆಸಿ, ಬೆಳೆಗಾರನ ಕಣ್ಣೆದುರಿಗೇ ಫಲ ತೋರಿಸಿದ್ದರು. ಇಂದಿಗೂ ಮಳೆಗಾಲದ ಮುಂಚೆ ನಾವು ಮಾಡುವ ಕೆಲಸ ಅದೇ. ಕಾಫಿ ಸಂಶೋಧನೆಗೆ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕೇಂದ್ರ ತೆರೆದದ್ದೂ ಅವರ ಕಾಲದಲ್ಲೇ, ಅದೂ ಕಾಫಿ ಬೆಳೆಯುವ ನೆಲದ ನಡುವೆ.

ಇನ್ನೊಂದು ಪಾಠ ಕಾವೇರಿ ಕಾಫಿಯದು. ಎಲೆ ತುಕ್ಕು ರೋಗಕ್ಕೆ ಬಗ್ಗದ ತಳಿಯೆಂದು 1980ರ ದಶಕದಲ್ಲಿ ಅದು ಬೆಳೆಗಾರರ ಕೈಸೇರಿತು. ಅದರ ಮೂಲವಾದ ಕ್ಯಾಟಿಮೋರ್ ಪೋರ್ಚುಗಲ್ಲಿನ ತುಕ್ಕುರೋಗ ಸಂಶೋಧನಾ ಕೇಂದ್ರದ ಮೂಲಕ ಬಂದದ್ದು. ಅದೂ ಹಲವು ದೇಶಗಳ ಸಹಯೋಗದ ಫಲವೇ. ಗಿಡ ಗಿಡ್ಡ, ಫಸಲು ಬೇಗ, ಇಳುವರಿ ಹೆಚ್ಚು. ಬಹಳ ಜನ ಹಳೆಯ ಗಿಡ ಕಿತ್ತು ಇದನ್ನು ನೆಟ್ಟರು. ಕೆಲವೇ ವರ್ಷಗಳಲ್ಲಿ ತುಕ್ಕಿನ ಹೊಸ ಬಗೆಗಳು ಹುಟ್ಟಿ ಅದರ ನಿರೋಧ ಶಕ್ತಿ ಕುಗ್ಗಿತು. 1940ರ ದಶಕದಿಂದ ನೆಲದಲ್ಲಿ ನಿಂತು ತೋರಿಸಿದ ಎಸ್. 795 ಮಾತ್ರ ಇಂದಿಗೂ ನಮ್ಮ ತೋಟಗಳಲ್ಲಿ ಗೌರವದಿಂದಿದೆ. ಸಂಶೋಧಕರು ಮೋಸ ಮಾಡಿದರೆಂದು ನಾವು ಹೇಳುವುದಿಲ್ಲ. ಗುಣ ತಿಳಿಯಲು ನೆಲಕ್ಕೆ ಕಾಲ ಬೇಕು ಎಂಬುದಷ್ಟೇ ಇದರ ನೀತಿ.

ನಾವು ಕೇಳುವುದೇನು?

ಮೊದಲನೆಯದು, ಅಚ್ಚಿನ ಸೌರಕೋಶದ ಸಂಶೋಧನೆಗೆ ಸರ್ಕಾರದ ಹಣ ಪಡೆಯುವ ಯಾವುದೇ ಕೂಟ ತನ್ನ ಕಾರ್ಯಕ್ರಮದಲ್ಲಿ ಮಲೆನಾಡಿನ ಒಂದು ಸ್ಥಳ, ತಿಂಥಣಿಯಂಥ ಬಿಸಿಲು ಸೀಮೆಯ ಒಂದು ಸ್ಥಳವನ್ನು ಸೇರಿಸಿಕೊಳ್ಳಲಿ. ಇದಕ್ಕೆ ಹೊಸ ಕಟ್ಟಡಗಳು ಬೇಡ. ನಮ್ಮಂಥ ಸಂಘಗಳ ಗೋದಾಮಿನ ತಗಡಿದೆ, ಆ ಕಡೆಯ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಮಾಡುಗಳಿವೆ. ಅರ್ಧ ಭಾಗಕ್ಕೆ ಹೊಸ ಹಾಳೆ, ಅರ್ಧ ಭಾಗಕ್ಕೆ ಸಿಲಿಕಾನ್ ಫಲಕ ಹಾಕಿ, ಪಕ್ಕಪಕ್ಕದಲ್ಲೇ ಅಳೆಯಲಿ.

ಎರಡನೆಯದು, ಮೂರು ಮುಂಗಾರು, ಮೂರು ಬೇಸಿಗೆ ಕಳೆಯುವ ಮುಂಚೆ ಸಹಾಯಧನದ ಪಟ್ಟಿಗೆ ಇದನ್ನು ಸೇರಿಸದಿರಲಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಕಾಗಿಲ್ಲ.

ಮೂರನೆಯದು, ಫಲಿತಾಂಶವನ್ನು ಕನ್ನಡದಲ್ಲಿ, ನಮಗೆ ಅರ್ಥವಾಗುವ ಅಳತೆಯಲ್ಲಿ ಪ್ರಕಟಿಸಲಿ: ತಿಂಗಳಿಗೆ ಎಷ್ಟು ಯೂನಿಟ್ಟು, ಎಷ್ಟು ಹಾಳೆ ಕೆಟ್ಟಿತು, ಏಕೆ ಕೆಟ್ಟಿತು. ಗೆದ್ದದ್ದನ್ನು ಮಾತ್ರ ಹೇಳಿ ಸೋತದ್ದನ್ನು ಮುಚ್ಚಿಡುವುದು ಬೇಡ.

ನಾಲ್ಕನೆಯದು, ರಿಪೇರಿ ಯಾರು ಮಾಡುತ್ತಾರೆ, ಹಳೆಯದನ್ನು ಯಾರು ಒಯ್ಯುತ್ತಾರೆ ಎಂಬುದನ್ನು ಬರಹದಲ್ಲಿ ಕೊಡಲಿ. ತಾಲ್ಲೂಕು ಕೇಂದ್ರದಲ್ಲಿ ತಿದ್ದುವವನಿಲ್ಲದ ಯಂತ್ರ ಅಟ್ಟಕ್ಕೇ ಸೇರುವುದು.

ನಮ್ಮ ಪಾಲಿನ ಕರ್ತವ್ಯವೂ ಇದೆ. ಕೇಳುವುದಷ್ಟೇ ಸಹಕಾರವಲ್ಲ. ಮಾಡು ಕೊಡುವುದು, ಮೀಟರು ಓದಿ ಪುಸ್ತಕದಲ್ಲಿ ಬರೆದಿಡುವುದು, ಪಾಚಿ ಹಿಡಿದಾಗ ಕೆರೆದು ತಾರೀಖು ಹಾಕುವುದು, ಇದನ್ನೆಲ್ಲ ಸದಸ್ಯರು ವಹಿಸಿಕೊಳ್ಳಬೇಕು. ಮಳೆ ಲೆಕ್ಕವನ್ನು ತಲೆಮಾರುಗಳಿಂದ ಬರೆದಿಡುತ್ತ ಬಂದ ತೋಟದ ಮನೆಗಳು ನಮ್ಮಲ್ಲಿವೆ; ಅವರಿಗೆ ಇದು ಹೊಸ ವಿದ್ಯೆಯಲ್ಲ.

ಅಲ್ಲಿಯವರೆಗೆ?

ಪಂಪು ಬೇಕಾದ ಸದಸ್ಯರು ಹೊಸ ಹಾಳೆಗಾಗಿ ಕಾಯಬಾರದೆಂಬುದೇ ನಮ್ಮ ಸ್ಪಷ್ಟ ಸಲಹೆ. 1977ರಲ್ಲಿ ಒಂದು ವಾಟಿಗೆ 70 ಡಾಲರಿಗೂ ಮೇಲಿದ್ದ ಸಿಲಿಕಾನ್ ಕೋಶದ ಬೆಲೆ ಇಂದು ಡಾಲರಿನ ಕಾಲು ಭಾಗಕ್ಕಿಂತಲೂ ಕೆಳಗಿಳಿದಿದೆ. ಅಚ್ಚಿನ ಕೋಶ ಅಗ್ಗವಾದೀತೆಂಬ ಮಾತು ಹುಟ್ಟಿದ ಕಾಲಕ್ಕೆ ಸಿಲಿಕಾನ್ ದುಬಾರಿಯಾಗಿತ್ತು; ಈಗ ಆ ಅಂತರ ಕರಗಿದೆ. 2019ರಲ್ಲಿ ಆರಂಭವಾದ ಕೇಂದ್ರದ ಕುಸುಮ್ ಯೋಜನೆಯಡಿ ನಮ್ಮ ರಾಜ್ಯ ತನ್ನ ಸಹಾಯಧನವನ್ನು ಶೇಕಡಾ 30ರಿಂದ 50ಕ್ಕೆ ಏರಿಸಿದಾಗ, ಕೇಂದ್ರದ ಶೇಕಡಾ 30 ಸೇರಿ, ಸೌರ ಪಂಪಿಗೆ ರೈತ ಕೊಡಬೇಕಾದದ್ದು ಶೇಕಡಾ 20ಕ್ಕೆ ಇಳಿಯಿತು. ಇಂಥ ಅವಕಾಶವಿರುವಾಗ ಹತ್ತು ವರ್ಷದಾಚೆಯ ಹಾಳೆಗೆ ಕಾದು ಈ ಬೇಸಿಗೆಯ ತೋಟ ಒಣಗಿಸುವುದು ಜಾಣತನವಲ್ಲ. ಮಾಡು ಗಟ್ಟಿಯಿಲ್ಲದವರು, ದೀಪ ಬೇಲಿಗಳ ಅಗತ್ಯವಷ್ಟೇ ಇರುವವರು ಹೊಸ ಹಾಳೆಯ ಮೇಲೆ ಕಣ್ಣಿಟ್ಟಿರಬಹುದು. ಆದರೆ ಮುಂಗಡ ಕೊಡುವುದು ಬೇಡ.

ವಿಜ್ಞಾನಿಗಳಿಗೆ ನಮ್ಮ ಗೌರವವಿದೆ. ಅವರು ದೇಶ ದೇಶಗಳ ಜೊತೆ ಕೂಡಿ ಕೆಲಸ ಮಾಡಬಲ್ಲರು. ಬೆಂಗಳೂರಿನಿಂದ ಅಮೆರಿಕಕ್ಕೆ ಬೆಳೆದ ಆ ಸ್ನೇಹ ಬೆಂಗಳೂರಿನಿಂದ ತಿಂಥಣಿಗೂ ಕೊಪ್ಪಕ್ಕೂ ಬೆಳೆಯಲಿ. ಹಾದಿ ದೂರವೇನಿಲ್ಲ. ಮಾಡು ನಾವು ಕೊಡುತ್ತೇವೆ, ಏಣಿಯನ್ನೂ ನಾವೇ ಹಿಡಿಯುತ್ತೇವೆ.